ಜಲ್ಲಿಯ ಸದ್ದು

ಮಾರ್ಚ್ 2, ಶನಿವಾರ, ಸಂಜೆ

ಎರಡೂ ಸೈಕಲ್ಲಿನ ಗಾಳಿ ಸ್ವಲ್ಪ ಇಳಿಸಿಟ್ಟೆ. ಜಲ್ಲಿ ದಾರಿಗೆ ಚಕ್ರ ಗಟ್ಟಿಯಿರಬಾರದು, ಪುಟಿಯುತ್ತದೆ. ತಮ್ಮನ ಚೈನಿಗೆ ಎಣ್ಣೆ. ನನ್ನ ಜಾಕೆಟ್ಟಿನ ಬೆನ್ನಿಗೆ ಹೊಲಿದಿದ್ದ ಕೆಂಪು ಬಟ್ಟೆ ಮಾಸಿತ್ತು. ಕಿತ್ತು ಹೊಸದು ಹಾಕಿದೆ — ದೊಡ್ಡದು. ಅವನಿಗೆ ಈಗ ಕಾಣುವುದು ನೇರ ಎದುರಿನ ಚೂರು ಮಾತ್ರ. ಕೊಳವೆಯೊಳಗಿಂದ ನೋಡಿದ ಹಾಗೆ ಎನ್ನುತ್ತಾನೆ. ಆ ಕೊಳವೆಯೂ ಸಣ್ಣದಾಗುತ್ತಿದೆ. ತಡೆಯುವ ಔಷಧಿ ಇಲ್ಲ ಎಂದು ಡಾಕ್ಟರು ಕಳೆದ ಸಲವೇ ಹೇಳಿಬಿಟ್ಟರು.

ಕನ್ನಡಕದ ಅಂಗಡಿ ಇಟ್ಟವನಿಗೇ ಈ ಗತಿ. ಕಣ್ಣು ಪರೀಕ್ಷೆಗೆ ಬೇರೆಯವರನ್ನು ಇಟ್ಟುಕೊಂಡು, ತಾನು ಕೈ ಅಂದಾಜಿನಲ್ಲಿ ಫ್ರೇಮಿನ ಸ್ಕ್ರೂ ಬಿಗಿಸುತ್ತ ಕೂರುತ್ತಾನೆ. "ಅಡುಗೆಯವನ ಮನೇಲೇ ಉಪವಾಸ ಕಣಕ್ಕ" ಎಂದು ಅವನೇ ನಗುತ್ತಾನೆ. ನನಗೆ ನಗು ಬರುವುದಿಲ್ಲ. ಆದರೂ ನಗುತ್ತೇನೆ.

ಮಾರ್ಚ್ 3, ಭಾನುವಾರ

ಹೋಗಿಬಂದೆವು. ಹಳೇ ರೈಲು ದಾರಿ — ಹಳಿ ಕಿತ್ತು ಜಲ್ಲಿ ಹಾಸಿದ್ದು. ಮೊದಲು ಕಾಡು, ಆಮೇಲೆ ಹೊಳೆಯ ಕಣಿವೆ, ಕೊನೆಗೆ ಸೇತುವೆ. ಶುರುವಿನಲ್ಲೇ ಕಬ್ಬಿಣದ ಅಡ್ಡಗಂಬ. ಒಂದು ಸ್ಕೂಟರೂ ನುಗ್ಗುವುದಿಲ್ಲ. ಇವನು ಇನ್ನೂ ತನ್ನ ಸೈಕಲ್ ತಾನೇ ತುಳಿಯಬಹುದಾದ ಜಾಗ ಈ ಭೂಮಿಯ ಮೇಲೆ ಇದೊಂದೇ. ವಾರವೆಲ್ಲ ಗೋಡೆ ಸವರಿಕೊಂಡು ನಡೆಯುವವನು ಇಲ್ಲಿ ಬಂದರೆ ಸಿಳ್ಳೆ ಹಾಕುತ್ತಾನೆ.

ನಾನು ಮುಂದೆ, ಅವನು ಹಿಂದೆ. ನನ್ನ ಬೆನ್ನಿನ ಕೆಂಪು ಅವನಿಗೆ ಗುರುತು. ಅದು ಸಾಲದು ಅಂತ ಸದ್ದನ್ನೂ ನಂಬುತ್ತಾನಂತೆ. ನಡುದಾರಿಯ ಜಲ್ಲಿ ಓಡಾಡಿ ಓಡಾಡಿ ಕೂತಿದೆ, ಅಲ್ಲಿ ಸದ್ದು ಸಣ್ಣ. ಅಂಚಿಗೆ ಹೋದರೆ ಸಡಿಲ — ಕರಕರ. "ಕಣ್ಣು ಕೈಕೊಟ್ರೆ ಏನಾಯ್ತು, ಟೈರಿಗೆ ನಾಲಿಗೆ ಇದೆ." ಬಡಾಯಿ, ಎಂದುಕೊಂಡೆ.

ಬಿದ್ದ. ಕಾಡು ಮುಗಿಯುವ ಕಡೆ ನೀರು ಕೊರೆದ ಜಾಗದಲ್ಲಿ. ಮಂಡಿ ತರಚಿತು, ಗಲ್ಲ ಸೀಳಿತು. ಎದ್ದವನೇ ಮೊದಲು ಹ್ಯಾಂಡಲ್ ಸವರಿ ನೋಡಿದ, ಆಮೇಲೆ ಗಲ್ಲ.

ಕುತ್ತಿಗೆ ಹಿಡಿದುಕೊಂಡಿದೆ. ನಾಲ್ಕು ಸಲ ತುಳಿದರೆ ಒಂದು ಸಲ ಹಿಂದೆ ತಿರುಗುತ್ತೇನಲ್ಲ, ಅದಕ್ಕೆ. ಮುಲಾಮು ಹಚ್ಚಿದೆ.

ಮಾರ್ಚ್ 6

ಆ ದಾರಿ ನೋಡಿಕೊಳ್ಳುವ ಮೇಸ್ತ್ರಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ನಮ್ಮ ಹೊಲಿಗೆ ಅಂಗಡಿಗೇ ಬಂದ. ತಾನಾಗಿ ಸಿಕ್ಕವನನ್ನು ಬಿಡುತ್ತೇನೆಯೇ? ಬಾಯಲ್ಲಿ ಗುಂಡುಪಿನ್ನು ಇದ್ದ ಹಾಗೇ ಶುರುಮಾಡಿದೆ.

"ಆ ಜಲ್ಲಿ ತೆಗೆದು ನುಣ್ಣಗೆ ಟಾರು ಹಾಕೋಕೆ ನಿಮಗೇನ್ರೀ ಕಷ್ಟ? ಜನ ಬಿದ್ದು ಸಾಯ್ಲಿ ಅಂತಾನಾ?"

"ಬೇಕು ಅನ್ನೋರೂ ಇದ್ದಾರೆ ಮೇಡಂ, ಬೇಡ ಅನ್ನೋರೂ ಇದ್ದಾರೆ. ಇದೇ ತಿಂಗಳು ಮೀಟಿಂಗ್ ಇದೆ. ಬಂದು ನೀವೇ ಹೇಳಿ. ಈಗ ಆ ಪಿನ್ನು ನುಂಗಬೇಡಿ."

ಹೇಳುತ್ತೇನೆ. ಯಾಕೆ ಹೇಳಬಾರದು?

ಮಾರ್ಚ್ 20

ಹೇಳಿದೆ. ಎದ್ದು ನಿಂತು ಹೇಳಿದೆ. ತಮ್ಮನ ಕಣ್ಣು, ಸೀಳಿದ ಗಲ್ಲ, ಎಲ್ಲ ಹೇಳಿದೆ. ಮಗುವಿನ ಗಾಡಿ ತಳ್ಳುವ ತಾಯಂದಿರು ಚಪ್ಪಾಳೆ ತಟ್ಟಿದರು. ಕೈ ಎತ್ತಿಸಿದರು — ಟಾರೇ ಗೆದ್ದಿತು. ಮುಂದಿನ ತಿಂಗಳಿಂದ ಕೆಲಸ ಶುರು, ಕಾಡಿನ ಕಡೆಯಿಂದ.

ಅವನಿಗೆ ಹೇಳುವುದಿಲ್ಲ. ಒಂದು ದಿನ ಹೋದಾಗ ಸೈಕಲ್ಲು ಸುಮ್ಮನೆ ಜಾರಿಕೊಂಡು ಹೋಗಲಿ. ಆಗ ನನ್ನ ಮುಖ ನೋಡಲಿ... ನೋಡಲಿ ಎಂದು ಬರೆದುಬಿಟ್ಟೆ.

ಮೇ 12, ಭಾನುವಾರ

ಕೆಲಸಕ್ಕೆಂದು ಮುಚ್ಚಿದ್ದ ದಾರಿ ತೆರೆದರು. ಕಾಡಿನ ಭಾಗ ಪೂರ್ತಿ ಟಾರು. ಕಣಿವೆಯದು ಇನ್ನೂ ಜಲ್ಲಿ.

ಅಡ್ಡಗಂಬ ದಾಟಿ ಹತ್ತಿದೆವು. ಎಷ್ಟು ನುಣ್ಣಗಿತ್ತೆಂದರೆ ನನಗೇ ಹೆಮ್ಮೆ. ಹಿಂದಿನಿಂದ ಸಿಳ್ಳೆ ಇಲ್ಲ. ತಿರುಗಿ ನೋಡಿದೆ. ಅವನ ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಮಾತಾಡ್ತಾ ಇರು."

"ಏನು ಮಾತಾಡ್ಲೋ?"

"ಏನಾದ್ರೂ. ದಾರಿ ಮಾತಾಡ್ತಿಲ್ಲ."

ಆಗ ಹೊಳೆಯಿತು ನನಗೆ. ಆಗ! ನಡುವೂ ಒಂದೇ, ಅಂಚೂ ಒಂದೇ. ಎಲ್ಲೂ ಸದ್ದಿಲ್ಲ. ಮೇಲಿಂದ ಮರದ ನೆರಳು, ಕೆಳಗೆ ಕಪ್ಪು ಟಾರು. ಜಲ್ಲಿಯ ಬಿಳುಪಿನ ಮೇಲೆ ಎದ್ದು ಕಾಣುತ್ತಿದ್ದ ನನ್ನ ಕೆಂಪು ಬಟ್ಟೆ ನೆರಳಿಗೆ ಹೊಕ್ಕ ಕೂಡಲೇ ಅವನಿಗೆ ಕಾಣದಾಯಿತು. ಇಳಿ, ಇಳಿ ಎಂದು ಕೂಗಿದೆ. ಅಷ್ಟರಲ್ಲಿ ಅಂಚು ದಾಟಿ ಮುಳ್ಳುಪೊದೆಯ ಹಳ್ಳಕ್ಕೆ ಹೋಗಿದ್ದ.

ಮೇ 13

ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿದೆ. ಪ್ಲಾಸ್ಟರ್. ಮುಳ್ಳನ್ನೆಲ್ಲ ನಾನೇ ಸೂಜಿಯಲ್ಲಿ ತೆಗೆದೆ. ಅವನು ಬೈಯಲೂ ಇಲ್ಲ.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವನು ಅವನು.

ಮೇ 16

ಜೋಡಿ ಸೈಕಲ್ಲಿನ ಮಾತು ತೆಗೆದೆ. ನಾನು ಮುಂದಿನ ಸೀಟು, ಅವನು ಹಿಂದಿನದು.

"ಮೂಟೆ ಥರಾನಾ?" ಎಂದ. ಅಷ್ಟೇ. ಎದ್ದು ಹೋದ. ಬಾಗಿಲಿಗೆ ಹೆಗಲು ತಾಗಿತು.

ಮೇ 21

ಮೇಸ್ತ್ರಿಯನ್ನು ಹುಡುಕಿಕೊಂಡು ಕೆಲಸದ ಜಾಗಕ್ಕೇ ಹೋದೆ. ಟಾರಿನ ವಾಸನೆ, ಹೊಗೆ. ಕಣಿವೆಯದನ್ನಾದರೂ ಬಿಡಿ ಎಂದು ಕೈ ಮುಗಿದೆ. ನಾನು ಯಾರಿಗೂ ಕೈ ಮುಗಿದವಳಲ್ಲ.

"ಪಾಸಾಗಿ ಹೋಗಿದೆ ಮೇಡಂ, ಈಗ ನನ್ನ ಕೈಯಲ್ಲಿಲ್ಲ. ಬೇಕಾದ್ರೆ ಕಣಿವೆ ಕೆಲಸಾನ ಜುಲೈವರೆಗೆ ಎಳಕೊಂಡು ಹೋಗ್ಬಹುದು, ಅಷ್ಟೇ. ಅಲ್ಲಾ... ನಾನು ನಿಮ್ಮ ತಮ್ಮನ್ನೂ ಕೇಳಿದ್ದೆ. ಮೀಟಿಂಗಿಗೆ ಮೊದಲೇ, ಕನ್ನಡಕ ಸರಿ ಮಾಡಿಸೋಕೆ ಹೋದಾಗ. ನಿಮ್ಮಕ್ಕ ಹೀಗಂತಾರೆ, ನೀವೇನಂತೀರಿ ಅಂತ. ಅಕ್ಕ ಹೇಳಿದ್ದೇ ಸರಿ, ಹಾಕಿಸಿ ಅಂದ್ರು."

ಅಂಗಡಿಗೆ ಹೋಗದೆ ನೇರ ಮನೆಗೆ ಬಂದೆ.

ಅದೇ ದಿನ, ಸಂಜೆ

ಕೇಳಿದೆ. ಊಟ ಬಡಿಸುವವರೆಗೂ ತಡೆಯಲಾಗಲಿಲ್ಲ.

"ಟಾರು ಹಾಕಿದ್ರೆ ಸದ್ದು ಹೋಗುತ್ತೆ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಮತ್ತೆ ಯಾಕೋ ಹ್ಞೂಂ ಅಂದೆ? ಬುದ್ಧಿ ಎಲ್ಲಿಟ್ಟಿದ್ದೆ?"

ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ —

"ನೀನು ಹಿಂದೆ ತಿರುಗಿದಾಗೆಲ್ಲ ನಿನ್ನ ಸೈಕಲ್ಲು ಅಂಚಿಗೆ ಹೋಗುತ್ತೆ ಅಕ್ಕ. ಕರಕರ ಅನ್ನುತ್ತೆ, ನನಗೆ ಕೇಳುತ್ತೆ. ಕಣಿವೇಲಿ ಅದು ಹೊಳೆ ಕಡೆ ಅಂಚು. ಪ್ರತಿ ಸಲ ಎದೆ ಧಸಕ್ ಅಂತಿತ್ತು. ತಿರುಗಬೇಡ ಅಂತ ಎಷ್ಟು ಸಲ ಹೇಳಿದ್ದೀನಿ, ನೀನು ಯಾರ ಮಾತು ಕೇಳೋಳು? ಈ ದಾರಿ ಹೋದ್ರೆ ನಾನು ಸೈಕಲ್ ತುಳಿಯೋದು ನಿಲ್ಲಿಸ್ತೀನಿ. ನಾನು ನಿಲ್ಲಿಸಿದ್ರೆ ನೀನು ಮುಂದೆ ನೋಡಿ ಓಡಿಸ್ತೀಯ."

"ನೀನೇ ಬಿಡಬಹುದಿತ್ತಲ್ಲೋ, ದಾರಿ ಯಾಕೆ ಹೋಗ್ಬೇಕಿತ್ತು?"

"ನಾನಾಗಿ ಬಿಡೋಕೆ ಆಗ್ಲಿಲ್ಲ. ಯಾರಾದ್ರೂ ಕಿತ್ಕೊಂಡ್ರೆ ವಾಸಿ ಅನ್ನಿಸ್ತು."

"ಹಂಗಾದ್ರೆ ಮೊನ್ನೆ ಯಾಕೆ ಹತ್ತಿದೆ?"

"ಒಂದು ಸಲ ನೋಡೋಣ ಅಂತ. ಆಸೆ, ಇನ್ನೇನು."

ಅವನ ಮೇಲೆ ಸಿಟ್ಟು ಬಂತು. ತುಂಬಾ. ಎದ್ದು ಅವನ ತಲೆ ನೇವರಿಸಿದೆ. ಚಿಕ್ಕವನಿದ್ದಾಗಿನ ಹಾಗೇ ಒರಟು ಕೂದಲು.

ಜುಲೈ 7, ಭಾನುವಾರ

ಪ್ಲಾಸ್ಟರ್ ತೆಗೆದು ವಾರವಾಯಿತು. ನಾಳೆ ಕಣಿವೆಗೆ ಟಾರು ಎಂದು ಮೇಸ್ತ್ರಿ ಹೇಳಿಕಳಿಸಿದ್ದ. ಹೋಗುವುದು ಬೇಡವೆಂದೆ. ಇವನು ಬೆಳಿಗ್ಗೆಯೇ ಶೂ ಹಾಕಿಕೊಂಡು ಕೂತಿದ್ದ.

ಕಾಡಿನುದ್ದಕ್ಕೂ ಸೈಕಲ್ ತಳ್ಳಿಕೊಂಡು ನಡೆದೆವು. ಜಲ್ಲಿ ಶುರುವಾಗುವಲ್ಲಿ ರೋಡ್‌ರೋಲರ್ ನಿಲ್ಲಿಸಿದ್ದರು. ಅದನ್ನು ಕೈಯಲ್ಲಿ ತಡವಿ ನೋಡಿದ. "ಇದೇನಾ ನಮ್ಮ ಯಮ?" ಎಂದ.

"ಇವತ್ತು ನಾನು ಮುಂದೆ."

ಹೂಂ ಎಂದೆ. ಬೇರೆ ಏನು ಅನ್ನಲಿ?

ಹೋದ. ಮೊದಲು ನಿಧಾನ, ಆಮೇಲೆ ನಿಧಾನವಿಲ್ಲ. ಹೊಳೆಯ ಅಂಚಿಗೆ ವಾಲಿದರೆ ಕರಕರ ಎನ್ನುತ್ತಿತ್ತು, ತಕ್ಷಣ ನಡುವಿಗೆ ಬರುತ್ತಿದ್ದ. ನಾನೂ ಕೇಳಿಸಿಕೊಂಡೆ. ಇಷ್ಟು ದಿನ ಕಿವಿಗೇ ಹಾಕಿಕೊಂಡಿರಲಿಲ್ಲ. ಬಡಾಯಿಯಲ್ಲ, ಟೈರು ನಿಜವಾಗಿ ಹೇಳುತ್ತದೆ. ಅವನ ಬೆನ್ನು ನೆಟ್ಟಗಿತ್ತು. ಸಿಳ್ಳೆ ಹಾಕುತ್ತಿದ್ದ. ಎಲ್ಲೂ ಬೀಳಲಿಲ್ಲ.

ಸೇತುವೆಯ ಹಲಗೆಯ ಸದ್ದು ಬಂದ ಕೂಡಲೇ ಕಾಲೂರಿ ನಿಂತ. ಹ್ಯಾಂಡಲ್ ಮೇಲೆ ತಲೆಯಿಟ್ಟು ಅತ್ತ. ನಾನೂ ಅತ್ತೆ. ನೋಡುವವರು ಯಾರೂ ಇರಲಿಲ್ಲ.

"ಸಾಕು ಅಕ್ಕ. ಇದನ್ನ ಯಾರಿಗಾದ್ರೂ ಕೊಟ್ಬಿಡು. ಚೆನ್ನಾಗಿ ತುಳಿಯೋರಿಗೆ."

ಜುಲೈ 28, ಭಾನುವಾರ, ಬೆಳಿಗ್ಗೆ 10

ಅವನೇ ನನ್ನನ್ನು ಅಟ್ಟಿದ. "ಮನೇಲಿ ಕೂತು ನನ್ನ ತಲೆ ತಿನ್ಬೇಡ, ಹೋಗು. ಕಣಿವೆ ಹೇಗಿದೆ ನೋಡ್ಕೊಂಡು ಬಂದು ಹೇಳು."

ಹೋದೆ. ಒಬ್ಬಳೇ, ಇದೇ ಮೊದಲು. ಸೇತುವೆಯವರೆಗೂ ಟಾರು. ಎರಡು ಸಲ ತಿರುಗಿದೆ, ಅಭ್ಯಾಸ. ಖಾಲಿ ದಾರಿ. ಆಮೇಲೆ ತಿರುಗಲಿಲ್ಲ.

ಬಂದ ತಕ್ಷಣ ಕೇಳಿದ. ಹೊಳೆಯಲ್ಲಿ ನೀರಿದೆ ಎಂದೆ.

"ಮತ್ತೆ?"

ಮರ ಇವೆ ಎಂದೆ.

"ಯಾವ ಮರ? ಆ ತಿರುವಿನಲ್ಲಿ ಬಾಗಿರೋದು ಇನ್ನೂ ಇದೆಯಾ? ಬಂಡೆ ಮೇಲೆ ಹಕ್ಕಿ ಕೂತಿತ್ತಾ?"

ಬಾಗಿದ ಮರವೇ? ಬಂಡೆಯೇ? ನಾನು ಯಾವತ್ತೂ ಕಂಡಿಲ್ಲ. ಇಷ್ಟು ವರ್ಷ ಅದೇ ದಾರಿಯಲ್ಲಿ ಹೋಗಿಬಂದಿದ್ದೇನೆ, ಆ ಕಣಿವೆ ನನಗೆ ಗೊತ್ತೇ ಇಲ್ಲ. ನಾನು ನೋಡಿದ್ದು ಹಿಂದೆ ಬರುತ್ತಿದ್ದವನನ್ನು ಮಾತ್ರ. ಚೂರೇ ಚೂರು ಕಾಣುತ್ತಿದ್ದವನು ಅವನು, ಎಲ್ಲ ನೋಡಿಟ್ಟುಕೊಂಡಿದ್ದಾನೆ.

ಇದೆ, ಹಕ್ಕಿಯೂ ಕೂತಿತ್ತು ಎಂದುಬಿಟ್ಟೆ. ಅವನ ಮುಖ ಅರಳಿತು. ಯಾವ ಬಣ್ಣದ್ದು ಎಂದು ಕೇಳುತ್ತಿದ್ದಾನೆ. ಇರು, ಕೈ ತೊಳೆದು ಬಂದು ಹೇಳುತ್ತೇನೆ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಮತ್ತೆ ಹೋಗಬೇಕು, ಈಗಲೇ. ಒಂದೊಂದೇ ಸರಿಯಾಗಿ ನೋಡಿಕೊಂಡು... ಕೂಗುತ್ತಿದ್ದಾನೆ. ಬಂದೆ ಕಣೋ, ಬೂದು ಬಣ್ಣ, ಕೊಕ್ಕು ಮಾತ್ರ...