ಶಾಂತ ಗ್ರಾಮದ ವರ್ಣನೆ

ಹಾಸ್ಟೆಲ್, ರಾಯಚೂರು

ಯವ್ವಾ,

ಕಾಲೇಜಿನಲ್ಲಿ ಶಾಂತ ಗ್ರಾಮವೊಂದರ ವರ್ಣನೆ ಬರೆಸಿದರು. ಹಸಿರು, ತಂಗಾಳಿ ಸುಲಭವಾಗಿ ಸಿಕ್ಕವು. ಆದರೆ ಗುಂಜಹಳ್ಳಿಯಲ್ಲಿ ಶಾಂತಿಯನ್ನು ಎಲ್ಲಿಂದ ತರಲಿ? ಬೆಳಗಾದರೆ ಗೋಡೆಯಾಚೆಯಿಂದ ದೊಡ್ಡವ್ವ, "ಬಂಡೆಮ್ಮಾ, ನಿನ್ನ ಕೋಳಿ ನಮ್ಮ ಜ್ವಾಳ ತಿನ್ನಾಕತ್ತದ ನೋಡಬೇ" ಎನ್ನುವಳು. ನೀನು, "ತಿನ್ನಲಿ ಬಿಡಕ್ಕಾ, ತತ್ತೀನೂ ಅಲ್ಲೇ ಇಡ್ತದ" ಎನ್ನುವಿ.

ಹೋದ ಸಲ ಬಂದಾಗ ಮಾತ್ರ ಮನೆ ಗಪ್ಪಾಗಿತ್ತು. ನೀವಿಬ್ಬರೂ ಮಾತು ಬಿಟ್ಟಿದ್ದಿರಿ, ಕೋಳಿ ಬುಟ್ಟಿಯಡಿ ಇತ್ತು. ಯಾಕೆಂದು ಕೇಳಿದರೆ ಇಬ್ಬರೂ ಊಟಕ್ಕೆ ಕರೆದಿರಿ. ಯಾರ ಮನೆಯಲ್ಲಿ ಉಣ್ಣಬೇಕೆಂದೇ ತಿಳಿಯಲಿಲ್ಲ.

ಆ ಮೌನವನ್ನೇ ಬರೆದೆ. ಸರ್ ತರಗತಿಯಲ್ಲಿ ಓದಿ ಹೊಗಳಿದರು. ಊರನ್ನು ವರ್ಣಿಸಿದೆನೋ, ಅದರ ಕಾಯಿಲೆಯನ್ನೋ, ಗೊತ್ತಾಗುತ್ತಿಲ್ಲ.

ಭಾನುವಾರ ಬರುತ್ತೇನೆ. ಅಷ್ಟರೊಳಗೆ ಆ ಬುಟ್ಟಿ ಎತ್ತು.

ಎರಡೂ ಮನೆಯ ಮಗಳು,
ಯಶೋದಾ