ಬಿಚ್ಚುವವರು ಮೂವರು, ಕಟ್ಟುವವರು ಯಾರು?

ವೈದ್ಯಕೀಯ ಅಧೀಕ್ಷಕ ಮಹಾಶಯರೇ,

ತಮ್ಮ ಆಸ್ಪತ್ರೆಯಲ್ಲಿ ನನ್ನ ಎಡಪಾದದ ಗಾಯವನ್ನು ಬಿಚ್ಚಿ ನೋಡಲು ಮೂರು ವಿಭಾಗಗಳಿವೆ. ನೋಡಿದ ಮೇಲೆ ಕಟ್ಟಲು ಒಂದೂ ಇಲ್ಲ. ದೂರು ಇಷ್ಟೇ. ಉಳಿದದ್ದು ವಿವರಣೆ. ತಮ್ಮದೇ ಬೆಂಚಿನ ಮೇಲೆ ಕಾಯುತ್ತಾ ಬರೆದದ್ದರಿಂದ ಕೊಂಚ ಉದ್ದವಾಗಿದೆ, ಮನ್ನಿಸಬೇಕು.

ಬ್ಯಾಂಡೇಜು ಕಟ್ಟುವ ಕೊಠಡಿ ಬೆಳಿಗ್ಗೆ ಎಂಟಕ್ಕೆ ತೆರೆದು ಹನ್ನೊಂದಕ್ಕೆ ಮುಚ್ಚುತ್ತದೆ. ವೈದ್ಯರು ಹನ್ನೊಂದೂವರೆಗೆ ದಯಮಾಡಿಸುತ್ತಾರೆ. ಹೀಗಾಗಿ ಎಂಟಕ್ಕೆ ಅಂದವಾಗಿ ಕಟ್ಟಿಸಿಕೊಂಡ ಕಾಲನ್ನು ಹನ್ನೆರಡಕ್ಕೆ ಬಿಚ್ಚಿಸಿಕೊಂಡು, ಟವೆಲ್ ಸುತ್ತಿಕೊಂಡು, ಕಾಮಾಕ್ಷಿಪಾಳ್ಯದ ಬಸ್ಸು ಹತ್ತುತ್ತೇನೆ. ಸೋಮವಾರ ಸಕ್ಕರೆ ಕಾಯಿಲೆಯವರು, ಮಂಗಳವಾರ ಶಸ್ತ್ರಚಿಕಿತ್ಸೆಯವರು, ಗುರುವಾರ ರಕ್ತನಾಳದವರು. "ಸರ್ಜರಿಯವ್ರು ಏನಂದ್ರು?" ಎಂದು ಸೋಮವಾರದವರು ಕೇಳುತ್ತಾರೆ. "ಶುಗರ್‌ನವ್ರು ಏನಂದ್ರು?" ಎಂದು ಮಂಗಳವಾರದವರು. ಅವರ ಬಾಗಿಲುಗಳ ನಡುವೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೆ ಅಂಚೆಯವನನ್ನಾಗಿ ತಾವು ನೇಮಿಸಿರುವುದು ಒಬ್ಬ ಕುಂಟನನ್ನು! ಮೂವರದು ಮೂರು ಫೈಲು. ಮೂರರಲ್ಲೂ "ಗಾಯ ಮಾಯುತ್ತಿದೆ" ಎಂಬ ಒಂದೇ ಒಕ್ಕಣೆ. ಕಾಲು ನೋಡಿ ಬರೆದರೋ, ಹಿಂದಿನ ಪುಟ ನೋಡಿ ಬರೆದರೋ?

ನನ್ನ ಹೆಂಡತಿ ರಾಮಮ್ಮ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕತ್ತರಿಸುವವಳು. ಅಳತೆಯಿಲ್ಲದ ಮಾತನ್ನು ನಂಬುವವಳಲ್ಲ. ಪ್ರತಿ ಭಾನುವಾರ ಗಾಯದ ಮೇಲೆ ತೊಳೆದ ಪ್ಲಾಸ್ಟಿಕ್ ಹಾಳೆ ಹಿಡಿದು, ಅಂಚು ಗುರುತು ಮಾಡಿ, ಕಂದು ಕಾಗದದಲ್ಲಿ ಅದೇ ಆಕಾರ ಕತ್ತರಿಸಿ, ತಾರೀಕು ಬರೆದು ಕ್ಯಾಲೆಂಡರಿನ ಮೊಳೆಗೆ ಚುಚ್ಚುತ್ತಿದ್ದಳು.

"ಕಾಲಿಗೂ ಪ್ಯಾಟ್ರನ್ನೇನೇ?" ಎಂದು ನಕ್ಕೆ.

"ನಗಿ, ನಗಿ. ಮಾಯ್ತಾ ಇದ್ರೆ ಕಾಗದ ಚಿಕ್ಕದಾಗ್ಬೇಕು ತಾನೆ?"

ಕಳೆದ ಮಂಗಳವಾರ ಆರು ಕಾಗದಗಳನ್ನೂ ಶಸ್ತ್ರವೈದ್ಯರ ಮೇಜಿನ ಮೇಲೆ ಸಾಲಾಗಿ ಹರಡಿದಳು. ಮೊದಲನೆಯದು ಕೋಟಿನ ಗುಂಡಿಯಷ್ಟು. ಆರನೆಯದು ಮಗುವಿನ ಅಂಗಿಯ ಜೇಬಿನಷ್ಟು. ವೈದ್ಯರು ಫೈಲು ಮುಚ್ಚಿದರು.

"ಇಷ್ಟು ದಿನ ಎಲ್ಲಿ ಹೋಗಿದ್ರಿ?"

"ಇಲ್ಲೇ ಇದ್ವಿ ಸಾರ್," ಎಂದಳು ರಾಮಮ್ಮ. "ನಮ್ಮಲ್ಲಿ ಒಂದು ಷರ್ಟು ಇಪ್ಪತ್ತು ಕೈ ದಾಟುತ್ತೆ. ಯಾರು ಏನ್ ಮಾಡಿದ್ರು ಅಂತ ಒಂದು ಚೀಟಿ ಅದ್ರ ಜೊತೇಲೇ ಹೋಗುತ್ತೆ. ಕಾಲರ್ ಹಾಕೋರು ತೋಳು ಬಿಚ್ಚಿ ಕಳ್ಸಲ್ಲ."

ಬರುವ ಗುರುವಾರ, ಪಾದದಲ್ಲಿ ಎಷ್ಟು ಉಳಿಸಬಹುದೆಂಬ ತೀರ್ಮಾನವಂತೆ. ಯಾರ ತೀರ್ಮಾನ? ಕೇಳಿದರೆ ಒಬ್ಬೊಬ್ಬರೂ ಮಿಕ್ಕಿಬ್ಬರ ಬಾಗಿಲು ತೋರಿಸುತ್ತಾರೆ. ಹೊಸ ಯಂತ್ರ, ಹೊಸ ಕಟ್ಟಡ ಕೇಳುವಷ್ಟು ಚೈತನ್ಯ ನನ್ನಲ್ಲಿ ಉಳಿದಿಲ್ಲ. ಅಂದು ಮೂವರೂ ಒಂದೇ ಹೊತ್ತಿಗೆ ಈ ಒಂದು ಕಾಲಿನ ಮುಂದೆ ನಿಲ್ಲುವಂತೆ ಆಜ್ಞೆ ಮಾಡಿ. ಒಂದು ಸಲ ಬಿಚ್ಚಲಿ, ನೋಡಲಿ, ಅಲ್ಲೇ ಕಟ್ಟಿಸಲಿ. ಇನ್ನು ಮುಂದೆ ಈ ಗಾಯ ಯಾರ ಹೊಣೆ ಎಂದು ಒಬ್ಬರ, ಒಬ್ಬರದೇ, ಹೆಸರನ್ನು ನನ್ನ ಚೀಟಿಯ ಮೇಲೆ ಬರೆಯಲಿ.

ಏಳನೆಯ ಕಾಗದವನ್ನು ರಾಮಮ್ಮ ಈ ಭಾನುವಾರ ಕತ್ತರಿಸಿದ್ದಾಳೆ. ಮೊಳೆಗೆ ಚುಚ್ಚಿಲ್ಲ. ಎಲ್ಲಿಟ್ಟೆ ಎಂದರೆ ಹೇಳುತ್ತಿಲ್ಲ.

ಇಂತಿ,
ತಮ್ಮ ಬೆಂಚಿನ ಕಾಯಂ ನಿವಾಸಿ
ಬೆಟ್ಟಯ್ಯ
(ಸದ್ಯಕ್ಕೆ ಎರಡು ಕಾಲಿನವನು)