ಮೀನುಗಳು ಮೇಲೆ ಬಂದ ಮಧ್ಯಾಹ್ನ

ಭಾನುವಾರ, ಬೆಳಿಗ್ಗೆ

ಮುದ್ದಿನ ಚಿಟ್ಟಿಗೆ ಅಮ್ಮನ ಅಕ್ಕರೆಯ ಆಶೀರ್ವಾದ.

ನೀನು ಗಂಡನ ಮೇಲೆ ಮುನಿಸಿಕೊಂಡು ಗೆಳತಿಯ ಮನೆ ಸೇರಿ ಇವತ್ತಿಗೆ ಹತ್ತೊಂಬತ್ತು ದಿನ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದೊಡನೆ ನಾಲಿಗೆ ಹೊರಳುವುದಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ 'ತಪ್ಪು ಮಾಡಿದವರು ಎದ್ದು ನಿಲ್ಲಿ' ಎಂದು ಗದರಿದ ಟೀಚರಮ್ಮ ನಾನು. ಈಗ ಸರದಿ ನನ್ನದು. ನಿನ್ನ ಮೀನುಗಳನ್ನು ಕೊಂದವಳು ನಾನು, ನಿನ್ನ ಗಂಡನಲ್ಲ.

ನೀನು ಆಫೀಸಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾಗ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಹಳೆಯ ಟೀಚರುಗಳು ಮಧ್ಯಾಹ್ನ ಮನೆಗೆ ಬಂದಿದ್ದರು. ನಿನ್ನ ಅಕ್ವೇರಿಯಂ ಬಗ್ಗೆ ಅವರ ಮುಂದೆ ಎಷ್ಟು ಕೊಚ್ಚಿಕೊಂಡಿದ್ದೆನೋ! ನೀರೊಳಗಿನ ಗಿಡದ ಎಲೆ ಎಲೆಗೂ ಮುತ್ತಿನಂಥ ಗುಳ್ಳೆ ಕೂರುತ್ತದೆ, ಬಂದು ನೋಡಿ ಎಂದು. ಅವತ್ತು ನೋಡಿದರೆ ಅಲ್ಲೊಂದು ಇಲ್ಲೊಂದು. ಗಿಡಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್ ಗ್ಯಾಸು ಹೆಚ್ಚಾದರೆ ಗುಳ್ಳೆ ಹೆಚ್ಚುತ್ತದೆ, ನೀರಿನ ಮೇಲ್ಭಾಗ ಕಲಕಿದರೆ ಗ್ಯಾಸು ಹಾರಿಹೋಗುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆಯಲ್ಲ. ಅರ್ಧ ಪಾಠ ಕೇಳಿದ ದಡ್ಡಿಯ ಹಾಗೆ ಗ್ಯಾಸಿನ ತಿರುಪನ್ನು ಇನ್ನೆರಡು ಸುತ್ತು ಬಿಚ್ಚಿದೆ. ಫಿಲ್ಟರಿನ ಕೊಳವೆಯನ್ನು ಕೆಳಮುಖ ಮಾಡಿದೆ. ನೀರು ಅಲುಗದೆ ನಿಂತಿತು. ಗಂಟೆಯೊಳಗೆ ಎಲೆಗಳ ತುಂಬ ಗುಳ್ಳೆ. 'ಅಯ್ಯೋ, ಎಷ್ಟ್ ಚೆನ್ನಾಗಿದೆ ಕಣ್ರೀ!' ಎಂದು ಅವರೆಲ್ಲ ಹೊಗಳಿದಾಗ ಹಿಗ್ಗಿ ಹೀರೇಕಾಯಿಯಾದೆ.

ಸ್ವಲ್ಪ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. 'ನೆಂಟರನ್ನ ಮಾತಾಡಿಸೋಕೆ ಬಂದಿವೆ ನೋಡಿ' ಎಂದು ನಾನೇ ಜೋಕು ಹೊಡೆದೆ. ಎಲ್ಲರೂ ನಕ್ಕರು. ಅವಕ್ಕೆ ಉಸಿರು ಕಟ್ಟುತ್ತಿತ್ತು, ಚಿಟ್ಟಿ.

ಸಂಜೆ ನಿನ್ನ ಗಂಡ ಬಾಗಿಲಿನಿಂದಲೇ ಮೀನುಗಳನ್ನು ಕಂಡು ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದ. ಗ್ಯಾಸು ನಿಲ್ಲಿಸಿ, ಏರ್ ಪಂಪು ಹಾಕಿ, ಚೊಂಬಿನಲ್ಲಿ ನೀರನ್ನು ಎತ್ತಿ ಎತ್ತಿ ಸುರಿದ. ಇಪ್ಪತ್ತಮೂರರಲ್ಲಿ ನಾಲ್ಕು ಉಳಿದವು. ತಿರುಪು ನೋಡಿದ, ನನ್ನ ಮುಖ ನೋಡಿದ. ನಿನಗೆ ಫೋನು ಮಾಡಿ ವಿಷಯ ತಿಳಿಸಿ ನನ್ನ ಕೈಗೆ ಕೊಟ್ಟ. 'ಯಾರಮ್ಮ ಮುಟ್ಟಿದ್ದು?' ಎಂದು ನೀನು ಅಳುತ್ತಾ ಕೇಳಿದೆ. 'ನಿನ್ನ ಗಂಡಾನೇ ಬೆಳಿಗ್ಗೆ ಏನೋ ತಿರುಗಿಸ್ತಾ ಇದ್ದ' ಎಂದುಬಿಟ್ಟೆ. ಅವನು ಪಕ್ಕದಲ್ಲೇ ಸತ್ತ ಮೀನುಗಳನ್ನು ಎತ್ತಿಡುತ್ತಿದ್ದ. ಎಲ್ಲ ಕೇಳಿಸಿಕೊಂಡ.

ನೀನು ವಾಪಸು ಬಂದು, 'ನಂದು ಅಂದ್ರೆ ಇವನಿಗೆ ಇಷ್ಟೇ ಬೆಲೆ' ಎಂದು ಬಟ್ಟೆ ತುಂಬಿಕೊಂಡು ಹೊರಟಾಗಲೂ ಅವನು ತುಟಿ ಪಿಟಕ್ಕೆನ್ನಲಿಲ್ಲ. ಯಾಕಪ್ಪ ಸುಮ್ಮನಿದ್ದೆ ಎಂದು ಮೊನ್ನೆ ನಾನೇ ಕೇಳಿದೆ. 'ಗಂಡನ ಮೇಲಾದ್ರೆ ಕೋಪ ಮಾಡ್ಕೊಂಡು ಹೋಗಬಹುದು ಅತ್ತೆ. ಅಮ್ಮನ ಮೇಲೂ ನಂಬಿಕೆ ಹೋದ್ರೆ ಅವಳು ಎಲ್ಲಿಗೆ ಹೋಗ್ತಾಳೆ?' ಅಂದ. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ನನ್ನನ್ನು ಎಷ್ಟು ಬೇಕಾದರೂ ಬೈ. ಅವನ ಹತ್ತಿರ ಮಾತ್ರ ಒಂದು ಸಲ ಮಾತಾಡು.

ನಿನಗೆ ಮುಖ ತೋರಿಸಲಾರದ,
ಅಮ್ಮ

ತಾ.ಕ.: ಗೊತ್ತಾಗದೆ ಮಾಡಿದಳು ಪಾಪ ಎಂದು ನೀನು ಕ್ಷಮಿಸಿಬಿಡುತ್ತೀಯೇನೋ ಎಂಬ ಭಯಕ್ಕೆ ಇದನ್ನೂ ಬರೆಯುತ್ತಿದ್ದೇನೆ. ಅವತ್ತು ಮಧ್ಯಾಹ್ನ, ನೀನು ಊರಲ್ಲಿಲ್ಲವೆಂದು ಮೀನುಗಳನ್ನು ವಿಚಾರಿಸಲು ಅವನು ಕೆಲಸದ ಜಾಗದಿಂದ ಫೋನು ಮಾಡಿದ್ದ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಕ್ಷಣ ಏರ್ ಪಂಪು ಹಾಕಿ ಅತ್ತೆ ಎಂದಿದ್ದ. ಆಗ ಟೀಚರುಗಳು ಫೋಟೊ ತೆಗೆಯುತ್ತಿದ್ದರು. ಪಂಪು ಹಾಕಿದರೆ ಎಲೆಯ ಮೇಲಿನ ಗುಳ್ಳೆಗಳು ಹೋಗುತ್ತವಲ್ಲ ಎಂದುಕೊಂಡು, ಎಲ್ಲಾ ಕೆಳಗೇ ಆರಾಮಾಗಿವೆ ಎಂದು ಹೇಳಿ ಫೋನಿಟ್ಟೆ.